ಫಟಫಟಿಯ ಮಡಿವಂತ ಬ್ಯಾಟರಿ

ಸಂಜೆ ಗುಂಡಿ ಒತ್ತಿ ದೀಪ ಹಾಕಿದ ಕೂಡಲೇ ಎರಡೂ ಕೈ ಜೋಡಿಸುವ ಜನ ಈಗ ಎಷ್ಟು ಉಳಿದಿದ್ದಾರೋ ಗೊತ್ತಿಲ್ಲ. ನಾನಂತೂ ಒಬ್ಬ ಉಳಿದಿದ್ದೇನೆ. ನಮ್ಮ ಮನೆಯ ಹುಡುಗರಿಗೆ ಇದು ದಿನನಿತ್ಯದ ತಮಾಷೆ. "ತಾತಾ, ಬಚ್ಚಲಮನಿ ಲೈಟಿಗೂ ಕೈ ಮುಗೀತೀಯಲ್ಲ" ಎಂದು ನಗುತ್ತಾರೆ. ಮುಗಿಯುತ್ತೇನೆ, ಅದರಲ್ಲೇನು? ತಾನು ದೇವರಮನೆಯಲ್ಲಿದ್ದೇನೋ ಬಚ್ಚಲಲ್ಲಿದ್ದೇನೋ ಎಂಬ ಬಿಂಕ ದೀಪಕ್ಕಿಲ್ಲ. ಇಲ್ಲದ ಬಿಂಕವನ್ನು ನಾವೇಕೆ ಅದರ ತಲೆಗೆ ಕಟ್ಟಬೇಕು? ಆದರೆ ಹುಡುಗರ ತಪ್ಪೂ ಅಲ್ಲ. ಗೋಡೆಯೊಳಗಿಂದ ಬೆಳಕು ತಾನಾಗಿ ಬರುತ್ತದೆ ಎಂದು ಹುಟ್ಟಿದಾಗಿನಿಂದ ನಂಬಿದವರಿಗೆ ಬೆರಗು ಎಲ್ಲಿಂದ ಬರಬೇಕು? ನಾನೋ, ಬೆಳಕನ್ನು ಸೈಕಲ್ಲಿನ ಮೇಲೆ ಹೇರಿಕೊಂಡು ಬಳ್ಳಾರಿಯಿಂದ ಕುರುಗೋಡಿಗೆ ಸಾಗಿಸಿದವನು. ಅದರ ತೂಕ ಎಷ್ಟೆಂದು ನನ್ನ ಮೊಣಕಾಲಿಗೆ ಇವತ್ತಿಗೂ ನೆನಪಿದೆ.

ಆಗ ಸ್ವಾತಂತ್ರ್ಯ ಬಂದು ಮೂರೋ ನಾಲ್ಕೋ ವರ್ಷವಾಗಿತ್ತು. ಬಳ್ಳಾರಿ ಇನ್ನೂ ಮದರಾಸಿನ ಕೈಕೆಳಗಿತ್ತು. ನಾನು ಬಳ್ಳಾರಿಯ ಒಂದು ಕಚೇರಿಯಲ್ಲಿ ಗುಮಾಸ್ತ. ಕಂಟೋನ್ಮೆಂಟಿನ ಕಡೆ ಇನ್ನಿಬ್ಬರು ಗುಮಾಸ್ತರ ಜೊತೆ ಒಂದು ಕೋಣೆ. ನನ್ನಾಕೆ ಕುರುಗೋಡಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು. ಆಕೆಯ ಜೊತೆ ನಮ್ಮಮ್ಮ, ಮತ್ತು ಮಾತು ಕಲಿತು ಮುಗಿಸಿ ಅಧಿಕಾರ ಚಲಾಯಿಸಲು ಶುರುಮಾಡಿದ್ದ ನಮ್ಮ ಮಗಳು ಪದ್ದಿ. ಇಬ್ಬರಿಗೂ ಒಂದೇ ಊರಿನಲ್ಲಿ ಕೆಲಸ ಸಿಗಲೆಂದು ಅರ್ಜಿ ಹಾಕಿದ್ದೆವು. ಅರ್ಜಿಗಳು ಹೋಗುವ ಊರಿಗೆ ಅದೂ ಹೋಗಿತ್ತು.

ಕುರುಗೋಡಿನ ಕಡೆಯ ಬಸ್ಸು ನಮ್ಮ ಸಾಹೇಬರು ಕುರ್ಚಿ ಬಿಟ್ಟೇಳುವ ಮೊದಲೇ ಹೊರಟುಬಿಡುತ್ತಿತ್ತು. ಸಾಹೇಬರು ಏಳದೆ ನಾವು ಏಳುವಂತಿರಲಿಲ್ಲ. ಹೀಗಾಗಿ ಶನಿವಾರ ಸಂಜೆ ಬಳ್ಳಾರಿಯಲ್ಲೇ ಕೊಳೆತು, ಭಾನುವಾರ ಬಿಸಿಲೇರಿದ ಮೇಲೆ ಮನೆ ಸೇರಿ, ಸೋಮವಾರ ಬೆಳಗಾಗುತ್ತಲೇ ವಾಪಸ್ಸು ಹೊರಡುತ್ತಿದ್ದೆ. ಇದರ ಪರಿಣಾಮ ಪದ್ದಿಯ ಮೇಲೆ ಆಯಿತು. ನಾನು ಬಂದ ಕೂಡಲೇ ಆಕೆ ತಂಬಿಗೆಯಲ್ಲಿ ಕಾಲಿಗೆ ನೀರು ತಂದಿಟ್ಟು, "ಕೂತ್ಕೊಳ್ಳಿ" ಎಂದು ಚಾಪೆ ತೋರಿಸಿ, ಅಜ್ಜಿಯ ಸೆರಗಿನ ಹಿಂದೆ ಸೇರಿಕೊಳ್ಳುತ್ತಿದ್ದಳು. ಒಮ್ಮೆ ಅಲ್ಲಿಂದಲೇ, "ಅಜ್ಜಿ, ಇವರು ಯಾವಾಗ ಹೋಗ್ತಾರ?" ಎಂದು ಕೇಳಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ನಕ್ಕಿದ್ದು ಬರೀ ಬಾಯಿ. ಮಗುವಿಗೆ ನಾನು ನೆಂಟ. ಅದೂ ಊಟವಾದ ಮೇಲೆ ಎದ್ದು ಹೋಗದ ನೆಂಟ. ಶನಿವಾರದ ಸಂಜೆಯೊಂದನ್ನು ಹೇಗಾದರೂ ಗಳಿಸಬೇಕೆಂದು ಆ ದಿನವೇ ಮನಸ್ಸು ಗಟ್ಟಿ ಮಾಡಿಕೊಂಡೆ.

ಮದರಾಸಿನಲ್ಲಿದ್ದ ನನ್ನ ಷಡ್ಡಕ, ಸೈಕಲ್ಲಿನ ಹಿಂದಿನ ಗಾಲಿಗೆ ಜೋಡಿಸುವ ಪುಟ್ಟ ಎಂಜಿನ್ನೊಂದನ್ನು ತಾನು ಓಡಿಸಿ ಬೇಸತ್ತು ನನಗೆ ದಾಟಿಸಿದ. ಅದನ್ನು ಜೋಡಿಸಿದ ದಿನದಿಂದ ನನ್ನ ಸೈಕಲ್ಲಿಗೆ ಫಟಫಟಿ ಎಂದು ಹೆಸರು ಬಿತ್ತು. ವೇಗಕ್ಕಿಂತ ಸದ್ದು ಹೆಚ್ಚು. ನಾನು ಬರುವುದು ನಾನು ಬರುವುದಕ್ಕೆ ಬಹಳ ಮೊದಲೇ ಊರಿಗೆ ತಿಳಿಯುತ್ತಿತ್ತು. ಸಾಹೇಬರು ಎದ್ದ ಮೇಲೆ ಹೊರಟರೂ ದೀಪ ಹಚ್ಚುವ ಹೊತ್ತಿಗೆ ಕುರುಗೋಡು ಮುಟ್ಟಬಹುದು ಎಂದು ಲೆಕ್ಕ ಹಾಕಿದೆ. ಆದರೆ ನಡುದಾರಿಯಲ್ಲೇ ಹೊತ್ತು ಮುಳುಗುತ್ತಿತ್ತು. ಮುಂದೆ ಕಟ್ಟಿದ ಸೀಮೆಎಣ್ಣೆಯ ದೀಪ ಎಂಜಿನ್ನಿನ ನಡುಕಕ್ಕೆ ಆರುತ್ತಿತ್ತು. ಕಡ್ಡಿ ಗೀರಿ ಹಚ್ಚಿದರೆ ಗಾಳಿಗೆ ಆರುತ್ತಿತ್ತು. ಮೇಲಾಗಿ ಸೀಮೆಎಣ್ಣೆ ರೇಷನ್ನಿನ ಸಾಮಾನು. ದಾರಿಗೆ ಸುರಿದರೆ ಮನೆಯ ಕಂದೀಲಿಗೇನು? ದೀಪವಿಲ್ಲದ ಸೈಕಲ್ಲು ಕಂಡರೆ ಪೊಲೀಸರು ಗಾಲಿಯ ಗಾಳಿ ಬಿಡುತ್ತಿದ್ದ ಕಾಲ ಬೇರೆ. ಅಂತೂ ಎಂಜಿನ್ನು ಬಂದರೂ ಶನಿವಾರ ಬರಲಿಲ್ಲ.

ಆಗ ನನಗೆ ಗಂಟುಬಿದ್ದವರು ದಸ್ತಗೀರ್ ಸಾಬರು. ಬಳ್ಳಾರಿಯ ಪೇಟೆಯಲ್ಲಿ ಅವರದೊಂದು ರಿಪೇರಿ ಅಂಗಡಿ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬಿಟ್ಟುಹೋದ ತಂತಿ, ಬುರುಡೆ, ಗಾಲಿ, ಡಬ್ಬಿಗಳ ನಡುವೆ ಸಾಬರು ಕೂತಿರುತ್ತಿದ್ದರು. ನನ್ನ ಕಷ್ಟ ಕೇಳಿ, "ಫಿಕರ್ ಮಾಡಬ್ಯಾಡ್ರಿ ರಾಯರ. ಕ್ಯಾಂಪಿನ್ಯಾಗ ಕರ್ನಲ್ ಸಾಹೇಬ್ರ ಬಂಗ್ಲೇಕ್ಕ ಬೆಳಕು ಕೊಟ್ಟಾಂವ ನಾನು. ನಿಮ್ಮ ಸೈಕಲ್ ಯಾವ ಲೆಕ್ಕ" ಎಂದರು. ಕರ್ನಲ್ಲನ ಬಂಗಲೆಯಲ್ಲಿ ಸಾಬರು ಏಣಿ ಹಿಡಿದು ನಿಂತಿದ್ದರಷ್ಟೇ ಎಂದು ಪೇಟೆಯ ಜನ ಹೇಳುತ್ತಿದ್ದರು. ಆದರೆ ಏಣಿ ಹಿಡಿದವರ ಧೈರ್ಯ ಏಣಿ ಹತ್ತಿದವರಿಗೆ ಎಲ್ಲಿ ಬರುತ್ತದೆ? ಟೈರಿಗೆ ತಾಗಿ ತಿರುಗುವ ಡೈನಮೋ ಒಂದನ್ನು ಅವರು ಕಟ್ಟಿದರು, ಮುಂದೆ ಕನ್ನಡಿಯ ಬಟ್ಟಲಿನಂಥ ದೀಪ ಕೂರಿಸಿದರು. ಗಾಲಿ ತಿರುಗಿಸಿದರೆ ದೀಪ ಹತ್ತಿತು.

ಎಣ್ಣೆಯಿಲ್ಲ, ಬತ್ತಿಯಿಲ್ಲ, ಕಡ್ಡಿಯಿಲ್ಲ. ಗಾಲಿ ತಿರುಗಿದರೆ ಬೆಳಕು. ನಾನು ಅಂಗಡಿಯ ಮುಂದೆ ಬಾಯಿ ತೆರೆದು ನಿಂತುಬಿಟ್ಟೆ. ಗಾಲಿ ನಾನು ಹುಟ್ಟುವ ಮೊದಲಿಂದ ತಿರುಗುತ್ತಲೇ ಇತ್ತು. ಅದರ ಹೊಟ್ಟೆಯಲ್ಲಿ ಇಂಥದೊಂದು ಇದೆ ಎಂದು ಯಾರೂ ನನಗೆ ಹೇಳಿರಲಿಲ್ಲ.

ಮೊದಲ ಶನಿವಾರ ಹೊರಟೆ. ಹೊತ್ತು ಮುಳುಗಿತು, ಡೈನಮೋ ತಾಗಿಸಿದೆ, ದಾರಿ ಎದ್ದು ನಿಂತಿತು. ವಾರವಾರವೂ ನೋಡಿದ ದಾರಿಯೇ. ಆದರೆ ಒಂದೊಂದು ಕಲ್ಲಿಗೂ ಒಂದೊಂದು ನೆರಳು ಬಂದಿತ್ತು. ಪಕ್ಕದ ಜೋಳದ ಹೊಲದ ಎಲೆಗಳು ಬೆಳಕು ತಾಗಿದಾಗ ಮೈಮುರಿದು ಎದ್ದ ಹಾಗೆ ಕಾಣುತ್ತಿದ್ದವು. ಬಾದನಹಟ್ಟಿ ಬಂತು. ಊರಲ್ಲಿ ಇನ್ನೂ ದೀಪ ಹಚ್ಚಿರಲಿಲ್ಲ. ಹೊಲದಿಂದ ಬಂದ ಜನ ಕಟ್ಟೆಯ ಮೇಲೆ, ಹೊಸ್ತಿಲ ಮೇಲೆ ಕೂತಿದ್ದರು. ನಾನು ಬರುತ್ತಿದ್ದಂತೆ ಒಬ್ಬರಾದ ಮೇಲೊಬ್ಬರು ಕೈ ಮುಗಿಯತೊಡಗಿದರು. ಗಂಡಸರು ಮುಗಿದರು, ಹೆಂಗಸರು ಸೆರಗು ಹೊದ್ದು ಮುಗಿದರು, ಒಬ್ಬ ಹಿರಿಯರು ರುಮಾಲು ತೆಗೆದು ಎದ್ದೇ ನಿಂತರು. ನನಗೆ ಎದೆ ಉಬ್ಬಿತು. ಕಚೇರಿಯಲ್ಲಿ ಜವಾನನೂ ಎದ್ದು ನಿಲ್ಲದ ಮನುಷ್ಯ ನಾನು. ಕೋಟಿನ ಪ್ರಭಾವವೋ ಪೂರ್ವಜನ್ಮದ ಪುಣ್ಯವೋ ಅಂದುಕೊಂಡೆ. ಇಷ್ಟು ಜನ ಮುಗಿದಾಗ ನಾವೂ ಮುಗಿಯದಿದ್ದರೆ ಸೊಕ್ಕು ಎನ್ನುತ್ತಾರೆ. ನಮಸ್ಕಾರವನ್ನು ಒಂದೇ ಕೈಯಲ್ಲಿ ಮಾಡುವ ಸಂಪ್ರದಾಯ ನಮ್ಮ ಮನೆತನದಲ್ಲಿಲ್ಲ. ಎರಡೂ ಕೈ ಬಿಟ್ಟು ವಿನಯದಿಂದ ಜೋಡಿಸಿದೆ.

ಫಟಫಟಿ ಸೀದಾ ಹೋಗಿ ಜೋಳದ ಸೊಪ್ಪೆಯ ಬಣವೆಯೊಳಗೆ ಹೊಕ್ಕಿತು. ಎಂಜಿನ್ನು ನಿಂತಿತು, ದೀಪ ಹೋಯಿತು, ನಾನು ಕಾಲು ಮೇಲಾಗಿ ಸೊಪ್ಪೆಯಲ್ಲಿ ಹೂತುಕೊಂಡೆ. ರುಮಾಲು ತೆಗೆದಿದ್ದ ಹಿರಿಯರೇ ಬಂದು ಎಳೆದರು.

"ಪೆಟ್ಟಾತೇನ್ರಿ ಯಪ್ಪಾ? ಕೈ ಯಾಕ ಬಿಟ್ರಿ?"

"ನೀವೆಲ್ಲ ನನಗ ನಮಸ್ಕಾರ ಮಾಡಿದ್ರಿ. ನಾ ತಿರುಗಿ ಮಾಡಬ್ಯಾಡ್ವೇನು?" ಎಂದೆ.

ಹಿರಿಯರು ಸೊಪ್ಪೆ ಕೊಡವುತ್ತ, "ನಿಮಗಲ್ರಿ, ದೀಪಕ್ಕ ಮುಗದ್ವಿ. ಹೊತ್ತು ಮುಳುಗಿದ ಮ್ಯಾಲ ಮೊದಲ ಕಂಡ ದೀಪ ಅದ. ದೀಪದ ಹಿಂದ ಯಾರು ಅದಾರ ಅಂತ ನಮಗೇನು ಕಾಣತೈತಿ?" ಎಂದರು. ಹೇಳಿದ್ದರಲ್ಲಿ ಕುಹಕ ಒಂದಿಷ್ಟೂ ಇರಲಿಲ್ಲ. ಅದೇ ಹೆಚ್ಚು ನಾಟಿತು.

ಇಷ್ಟಕ್ಕೇ ಮುಗಿದಿದ್ದರೆ ಕೋಟು ಕೊಡವಿಕೊಂಡು ಮರೆಯುತ್ತಿದ್ದೆ. ಕುರುಗೋಡಿಗೆ ಹೋದೆ. ಸದ್ದು ಕೇಳಿ ಮನೆಯವರೆಲ್ಲ ಬಾಗಿಲಿಗೆ ಬಂದಿದ್ದರು. ಓಣಿಯ ತಿರುವಿನಲ್ಲಿ ನನ್ನ ಬೆಳಕು ಬಿದ್ದಾಗ ಪದ್ದಿ ಅಜ್ಜಿಯ ಸೆರಗು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದದ್ದನ್ನು ಕಣ್ಣಾರೆ ಕಂಡೆ. ಬಾಗಿಲಿಗೆ ಬಂದು ನಿಂತೆ. ಗಾಲಿ ನಿಂತಿತು. ಗಾಲಿ ನಿಂತರೆ ಡೈನಮೋ ನಿಲ್ಲುತ್ತದೆ, ಡೈನಮೋ ನಿಂತರೆ ದೀಪ ನಿಲ್ಲುತ್ತದೆ. ಸರಿಯಾಗಿ ಹೊಸ್ತಿಲ ಎದುರಿಗೆ, ಸರಿಯಾಗಿ ದೀಪ ಹಚ್ಚುವ ಹೊತ್ತಿಗೆ, ದೀಪ ಗಪ್ಪೆಂದು ಹೋಯಿತು. ಪದ್ದಿ ಕತ್ತಲಲ್ಲಿ ಕಿಟಾರನೆ ಕಿರುಚಿ ಒಳಗೆ ಓಡಿದಳು.

"ದೀಪ ಆರಿತಲ್ಲ" ಎಂದೆ, ಪೆಚ್ಚಾಗಿ.

"ಬಿಡ್ತು ಅನ್ನು. ಆರಿತು ಅಂತ ಅನ್ನಬಾರದು, ಶಾಂತ ಆಯ್ತು ಅನ್ನಬೇಕು" ಎಂದರು ಅಮ್ಮ. "ಲಕ್ಷ್ಮೀ ಬರೋ ಹೊತ್ತಿಗೆ ಬಾಗಲಿಗೆ ದೀಪ ತಂದು ಬಾಗಲಾಗ ಶಾಂತ ಮಾಡ್ತಾರೇನೋ? ಕೂಸು ಎಷ್ಟು ಬೆಚ್ಚಿತು ನೋಡು. ಇನ್ನೊಂದ್ಸಲ ಈ ಗಾಡಿ ಈ ಹೊತ್ತಿನಾಗ ಬಾಗಲಿಗೆ ತರಬ್ಯಾಡ."

ಆ ರಾತ್ರಿ ಪದ್ದಿ ನನ್ನ ಹತ್ತಿರ ಸುಳಿಯಲಿಲ್ಲ. ಮೊದಲು ನೆಂಟನಾಗಿದ್ದವನು ಈಗ ದೀಪ ನುಂಗುವ ಗುಮ್ಮನಾಗಿದ್ದೆ. ನನ್ನಾಕೆ ಮಾತ್ರ, "ನಿಂತ ಮ್ಯಾಲೂ ಉಳಿಯೋ ದೀಪ ಸಿಗಂಗಿಲ್ಲೇನ್ರಿ?" ಎಂದು ಕೇಳಿದಳು. ಟೀಚರಮ್ಮನ ಪ್ರಶ್ನೆ, ಉತ್ತರ ಬರೆದೇ ತೀರಬೇಕು.

ದಸ್ತಗೀರ್ ಸಾಬರಿಗೆ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. "ಬ್ಯಾಟ್ರಿ ಇಡೋಣ್ರಿ. ಓಡುವಾಗ ತುಂಬ್ಕೊಂತೈತಿ, ನಿಂತಾಗ ಕೊಡ್ತೈತಿ." ಮಿಲಿಟರಿಯ ಕಪ್ಪು ಬ್ಯಾಟರಿಯೊಂದನ್ನು ತೆಗೆದು ಅದೇ ಡೈನಮೋಗೆ ನೇರವಾಗಿ ಕಟ್ಟಿದರು. ನಾನು ಫಟಫಟಿಯನ್ನು ಕೋಣೆಯ ಮುಂದೆ ನಿಲ್ಲಿಸಿ ಒಳಗೆ ಚಹಾ ಕುಡಿಯುತ್ತಿದ್ದಾಗ ಏನೋ ಸುಟ್ಟ ವಾಸನೆ ಬಂತು. ಹೊರಗೆ ಬಂದು ನೋಡಿದರೆ, ನಿಂತಲ್ಲೇ ನಿಂತ ಗಾಡಿಯ ಡೈನಮೋ ಹೊಗೆಯಾಡುತ್ತಿತ್ತು. ಬ್ಯಾಟರಿಯಲ್ಲಿದ್ದದ್ದೆಲ್ಲ ಅದರೊಳಗೆ ಹರಿದು ಹಾಳಾಗಿತ್ತು. ಸಾಬರು ಸುಟ್ಟ ಡೈನಮೋವನ್ನು ಮೂಸಿ, ತಾವು ಕಟ್ಟಿದ್ದಲ್ಲವೇನೋ ಎಂಬಂತೆ ತಲೆಯಾಡಿಸಿ, ಕೊನೆಗೆ ಹೇಳಿದರು: "ಈ ಡೈನಮೋದ ಕರೆಂಟು ಹಿಂಗ ಬರ್ತೈತಿ, ಹಂಗ ಹೋಗ್ತೈತ್ರಿ. ಬಂದು ಹೋಗಿ ಮಾಡೂದು ಬ್ಯಾಟ್ರಿಗೆ ಆಗಂಗಿಲ್ಲ. ಅದಕ್ಕ ಬರೂದು ಅಷ್ಟ ಬೇಕು." ನಮ್ಮ ಪದ್ದಿಯ ತಕರಾರೂ ಇದೇ ಇರಬಹುದೆಂದು ನನಗೆ ಅನ್ನಿಸಿತು.

ಬರುವ ಕರೆಂಟನ್ನಷ್ಟೇ ಕೊಡುವ ಡೈನಮೋ ಮಿಲಿಟರಿ ಮೋಟರ್ ಸೈಕಲ್ಲುಗಳಲ್ಲಿ ಇರುತ್ತದೆ, ಅಂಥದೊಂದು ಸಿರುಗುಪ್ಪದಲ್ಲಿ ತಮ್ಮ ಭಾಮೈದ ಕೆಲಸಕ್ಕಿರುವ ಅಕ್ಕಿ ಗಿರಣಿಯಲ್ಲಿ ಬಿದ್ದಿದೆ ಎಂದು ಸಾಬರಿಗೆ ನೆನಪಾಯಿತು. ಕಚೇರಿಗೆ ರಜೆ ಇದ್ದ ದಿನ ಇಬ್ಬರೂ ಬಸ್ಸು ಹತ್ತಿದೆವು. ಗಿರಣಿಯ ಅಂಗಳದ ತುಂಬ ದೇಶನೂರಿನ ಕಡೆಯಿಂದ ಬಂದ ಭತ್ತದ ಗಾಡಿಗಳು. ನಮ್ಮ ಡೈನಮೋ ತಟ್ಟಿನ ಚೀಲಗಳು ಹಾರದಂತೆ ಅವುಗಳ ಮೇಲೆ ಭಾರಕ್ಕೆ ಕೂತಿತ್ತು. ಗಿರಣಿಯ ಯಜಮಾನರು ತೆಲುಗಿನವರು. "ಆ ಇನುಮು ಎವರಿಕಿ ಕಾವಾಲಿ, ತೀಸ್ಕೊನಿ ಪೋಂಡಿ" ಎಂದು, ಆ ಕಬ್ಬಿಣ ಯಾರಿಗೆ ಬೇಕು ಒಯ್ಯಿರಿ ಎಂಬಂತೆ ಕೈಬೀಸಿ, ಅದರ ಜಾಗಕ್ಕೆ ಒಂದು ಗುಂಡುಕಲ್ಲು ಇಡಿಸಿದರು. ಸಾಬರು ಅದನ್ನು ರುಮಾಲಿನಲ್ಲಿ ಸುತ್ತಿ ಬಳ್ಳಾರಿಯವರೆಗೂ ತೊಡೆಯ ಮೇಲೆ ಇಟ್ಟುಕೊಂಡು ಬಂದರು. ಪಕ್ಕದ ಸೀಟಿನ ಅಜ್ಜಿ, ಕೂಸು ಮಲಗಿದೆ ಎಂದುಕೊಂಡು ದಾರಿಯುದ್ದಕ್ಕೂ ಮೆಲ್ಲಗೆ ಮಾತಾಡಿದಳು.

ಡೈನಮೋದ ಜೊತೆ ಸಿಕ್ಕಿದ್ದು ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದೊಂದು ಡಬ್ಬಿ. "ಇದು ಕಟೌಟ್ರಿ. ಗಾಡಿ ಓಡುವಾಗ ಬಾಗಲ ತೆಗೀತೈತಿ, ನಿಂತ ಕೂಡ್ಲೆ ಹಾಕ್ಕೊಂತೈತಿ. ಒಳಗ ಬಂದ ಕರೆಂಟು ತಿರುಗಿ ಹೊರಗ ಹೋಗಂಗಿಲ್ಲ" ಎಂದರು ಸಾಬರು. ಹಿಂದಿನ ಗಾಲಿಗೆ ರಾಟೆಯಂಥ ಮರದ ಗಡಗಡಿ ಕಟ್ಟಿ, ಅದರಿಂದ ಡೈನಮೋಗೆ ಚರ್ಮದ ಪಟ್ಟಾ ಎಳೆದು, ನನ್ನ ಕಚೇರಿ ಕಾಗದಗಳು ಕೂರುತ್ತಿದ್ದ ಕ್ಯಾರಿಯರಿನಲ್ಲಿ ಬ್ಯಾಟರಿ ಕೂರಿಸಿದರು. ಗಾಲಿ ಬಿರುಸಾಗಿ ತಿರುಗಿಸಿದರೆ ಡಬ್ಬಿಯೊಳಗೆ ಟಿಕ್ ಎಂದು ಬಾಗಿಲು ತೆಗೆಯಿತು. ನಿಲ್ಲಿಸಿದರೆ ಟಿಕ್ ಎಂದು ಮುಚ್ಚಿತು. ಒಳಗೆ ಯಾರೂ ಇಲ್ಲ. ನಾನು ಕಿವಿ ಹಚ್ಚಿ ಮತ್ತೆ ಮತ್ತೆ ಕೇಳಿದೆ. ಎಷ್ಟೋ ವರ್ಷ ಕಚೇರಿಯಲ್ಲಿ ಬಾಗಿಲು ಕಾಯುವವರನ್ನು ಕಂಡಿದ್ದೇನೆ. ಹೊತ್ತಿಗೆ ಸರಿಯಾಗಿ ತೆಗೆದು ಹೊತ್ತಿಗೆ ಸರಿಯಾಗಿ ಮುಚ್ಚಿದವನನ್ನು ಕಂಡದ್ದು ಅದೇ ಮೊದಲು.

ಇನ್ನು ಉಳಿದದ್ದು ಅಮ್ಮನ ಅಪ್ಪಣೆ. ಆ ಭಾನುವಾರ ಬರೀ ಬ್ಯಾಟರಿಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಊರಿಗೆ ಹೋದೆ. ದಾರಿಯಲ್ಲಿ ಅದರ ಆಮ್ಲ ತುಳುಕಿ ನನ್ನ ಧೋತರಕ್ಕೆ ತೂತು ಬಿದ್ದಿತ್ತು. ಅಮ್ಮ ತೂತನ್ನೂ ಪೆಟ್ಟಿಗೆಯನ್ನೂ ನೋಡಿದರು.

"ಏನದು? ಏನು ಉಣ್ತದ ಅದು?"

"ಉಣ್ಣೂದಿಲ್ಲಮ್ಮ. ಆಗಾಗ ನೀರು ಕುಡೀತದ. ಬಾವಿ ನೀರು, ಕೊಳಾಯಿ ನೀರು ಆಗಂಗಿಲ್ಲ. ಕಾಸಿ, ಹಬೆ ಮಾಡಿ, ಆ ಹಬೆ ಇಳಿದ ನೀರೇ ಆಗಬೇಕು. ಔಷಧದ ಅಂಗಡಿಯಿಂದ ತರಬೇಕು. ಅದರಾಗ ಯಾರೂ ಕೈ ಅದ್ದಬಾರದು. ಒಂದು ಹನಿ ಬ್ಯಾರೆ ನೀರು ಬಿದ್ರ ಕೆಡ್ತದ."

ಅಮ್ಮನ ಮುಖ ಬದಲಾಯಿತು. "ಹಂಗಂದ್ರ ಮಡಿ ನೀರು ಅನ್ನು."

"ಒಂಥರಾ ಹಂಗೇ."

"ಮುಟ್ಟಿದವರ ಬಟ್ಟಿ ಹಾಳಾಗ್ತದ ಅಂದ್ರ ಮೈಲಿಗಿ ತಡಿಯಂಗಿಲ್ಲ ಅಂತಾತು. ಈ ಕಾಲದಾಗ ಇಷ್ಟು ಮಡಿ ಯಾರು ಮಾಡ್ತಾರ?" ಎಂದವರೇ, ಬ್ಯಾಟರಿಗೆ ಪಡಸಾಲೆಯಲ್ಲಿ ಒಂದು ಮಣೆ ಹಾಕಿಸಿ, "ಪದ್ದೀ, ಮುಟ್ಟಬ್ಯಾಡ. ಅದು ಮಡಿ ಅದ" ಎಂದರು. ಆಮ್ಲ, ಅಪಾಯ ಎಂದು ನಾನು ಅರ್ಧ ದಿನ ಬಡಬಡಿಸಿದ್ದರೂ ಪದ್ದಿ ಬೆರಳು ಅದ್ದದೆ ಬಿಡುತ್ತಿರಲಿಲ್ಲ. ಮಡಿ ಎಂದ ಮೇಲೆ ದೂರದಿಂದಲೇ ಪ್ರದಕ್ಷಿಣೆ ಹಾಕಿದಳು. ನನಗೆ ಬ್ಯಾಟರಿಯ ಮೇಲೆ ಸಣ್ಣ ಹೊಟ್ಟೆಕಿಚ್ಚೂ ಆಯಿತು. ಒಂದೇ ಭೇಟಿಯಲ್ಲಿ ಅದು ಮನೆಯವರಲ್ಲಿ ಒಂದಾಗಿತ್ತು.

ಸೋಮವಾರ ಬ್ಯಾಟರಿಯನ್ನು ಬಳ್ಳಾರಿಗೆ ಒಯ್ದು ಮತ್ತೆ ಕ್ಯಾರಿಯರಿನಲ್ಲಿ ಕೂರಿಸಿ, ಮುಂದಿನ ಶನಿವಾರ ಹೊರಟೆ. ಎಂಜಿನ್ನಿಗಿಂತ ದೀಪದ ಸಂಸಾರವೇ ಭಾರ. ಏರಿನಲ್ಲಿ ನಾನು ಪೆಡಲು ತುಳಿದು ಎಂಜಿನ್ನಿಗೆ ಸಹಾಯ ಮಾಡಬೇಕಾಯಿತು. ಬಾದನಹಟ್ಟಿಯಲ್ಲಿ ಜನ ಕೈ ಮುಗಿದರು. ಈ ಸಲ ಹಿಡಿಕೆ ಗಟ್ಟಿಯಾಗಿ ಹಿಡಿದು, ನಾನು ಬರೀ ಸಾಗಿಸುವವನು, ಸ್ವೀಕರಿಸುವವನು ಮುಂದೆ ಕೂತಿದ್ದಾನೆ ಎಂದುಕೊಂಡು ದಾಟಿದೆ. ಆದರೂ ಮೈ ಜುಮ್ಮೆಂದಿತು. ಕತ್ತಲಲ್ಲಿ ಕೂತ ಒಂದು ಊರಿಗೆ ಊರೇ ಬೆಳಕು ಕಂಡು ಕೈ ಜೋಡಿಸುವುದನ್ನು ಆ ಬೆಳಕಿನ ಹಿಂದೆ ಕೂತು ನೋಡುವ ಭಾಗ್ಯ ದೇವಸ್ಥಾನದ ಅರ್ಚಕರನ್ನು ಬಿಟ್ಟರೆ ಯಾರಿಗಿದೆ?

ಕುರುಗೋಡಿನ ನಮ್ಮ ಓಣಿಯ ತಿರುವಿಗೆ ಬಂದಾಗ ನನ್ನ ಎದೆ ಎಂಜಿನ್ನಿಗಿಂತ ಜೋರಾಗಿ ಬಡಿಯುತ್ತಿತ್ತು. ಮೂವರೂ ಬಾಗಿಲಲ್ಲಿದ್ದರು. ಪದ್ದಿ ಅಜ್ಜಿಯ ಸೆರಗನ್ನು ಎರಡು ಕೈಯಲ್ಲೂ ಹಿಡಿದು, ಈಗ ಹೋಗುತ್ತದೆ, ಈಗ ಹೋಗುತ್ತದೆ ಎಂದು ಕಣ್ಣು ಕಿರಿದು ಮಾಡಿಕೊಂಡಿದ್ದಳು. ಬಾಗಿಲ ಮುಂದೆ ಬಂದೆ. ಎಂಜಿನ್ನು ನಿಲ್ಲಿಸಿದೆ. ಗಾಲಿ ನಿಂತಿತು. ಟಿಕ್ ಎಂದಿತು ಡಬ್ಬಿ.

ದೀಪ ಉಳಿಯಿತು.

ಸದ್ದು ಅಡಗಿದ ಓಣಿಯಲ್ಲಿ, ಯಾವುದೂ ಓಡದೆ, ಯಾವುದೂ ತಿರುಗದೆ, ಯಾವುದೂ ಉರಿಯದೆ ಬರೀ ಬೆಳಕು ನಿಂತಿತ್ತು. ದಾರಿಯುದ್ದಕ್ಕೂ ನಾನು ತುಳಿದದ್ದು, ಎಂಜಿನ್ನು ಕೂಗಿದ್ದು, ಎಲ್ಲವೂ ಆ ಕಪ್ಪು ಪೆಟ್ಟಿಗೆಯಲ್ಲಿ ಸದ್ದಿಲ್ಲದೆ ಕೂತು ಈಗ ನಮ್ಮ ಹೊಸ್ತಿಲ ಮೇಲೆ ಬೀಳುತ್ತಿತ್ತು. ರಂಗೋಲಿಯ ಗೆರೆ ಗೆರೆಯೂ ಕಾಣುತ್ತಿತ್ತು. ಅಮ್ಮ ಕೈ ಮುಗಿದರು, ನನ್ನಾಕೆ ಮುಗಿದಳು. ಪದ್ದಿಯೂ ಸೆರಗು ಬಿಟ್ಟು ಪುಟ್ಟ ಕೈ ಜೋಡಿಸಿ ಮೆಟ್ಟಿಲಿಳಿದು ಬಂದಳು. ನಾನು ಹಿಂದೆ ಕತ್ತಲಲ್ಲಿ ನಿಂತಿದ್ದೆ. ಬಾದನಹಟ್ಟಿಯ ಹಿರಿಯರ ಮಾತು ನೆನಪಾಯಿತು: ದೀಪದ ಹಿಂದೆ ಯಾರಿದ್ದಾರೆಂದು ಕಾಣುವುದಿಲ್ಲ. ಇಷ್ಟು ದಿನ ಗಾಡಿ ಹಿಡಿದವನು ಬೆಳಕಿನ ಮುಂದೆ ಬರುವಂತೆಯೇ ಇರಲಿಲ್ಲ. ಬಂದರೆ ಬೆಳಕೇ ಇರುತ್ತಿರಲಿಲ್ಲ. ಈಗ ಫಟಫಟಿಯನ್ನು ಸ್ಟ್ಯಾಂಡಿಗೆ ಹಾಕಿ, ಸುತ್ತು ಬಳಸಿ, ದೀಪದ ಎದುರಿಗೆ ಬಂದು ಕೂತೆ.

ಪದ್ದಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಮೀಸೆಯ ಮೇಲಿನ ಧೂಳು ನೋಡಿದಳು. ಆಮೇಲೆ ಅಜ್ಜಿಯ ಕಡೆ ತಿರುಗಿ, ತಾನೇ ಕಂಡುಹಿಡಿದವಳಂತೆ ಹೇಳಿದಳು: "ಅಜ್ಜಿ, ದೀಪದಪ್ಪ ಬಂದ."

ಆವರೆಗೆ ನಾನು ಆಕೆಗೆ "ಇವರು." ಈಗ "ಬಂದ." ಅಮ್ಮ ದೇವರ ಮುಂದಿನ ನಂದಾದೀಪದಿಂದ ಪಡಸಾಲೆಯ ದೀಪ ಹಚ್ಚಿಕೊಂಡು ಬಂದು, "ಒಳಗ ಹತ್ತಿತು, ಇನ್ನ ಅದನ್ನ ಶಾಂತ ಮಾಡು" ಎಂದ ಮೇಲೆಯೇ ಗುಂಡಿ ತಿರುಗಿಸಿದೆ. ಮುಂದೆ ಪ್ರತಿ ಶನಿವಾರದ ಪದ್ಧತಿಯೂ ಇದೇ ಆಯಿತು.

ಸೋಮವಾರ ಬೆಳಗ್ಗೆ ಹೊರಡುವಾಗ ಪದ್ದಿ ಅಳಲು ಶುರುಮಾಡಿದಳು. ನನಗಾಗಿ ಆಕೆ ಅತ್ತದ್ದು ಅದೇ ಮೊದಲು. ನಾನು ಕರಗಿ ನೀರಾಗಿ, ಕಚೇರಿಗೆ ಒಂದು ದಿನ ರಜೆ ಹಾಕಿದರೆ ಹೇಗೆ ಎಂದು ನನ್ನಾಕೆಯ ಮುಖ ನೋಡಿದೆ. ಆಕೆ ಬೆರಳು ತೋರಿಸಿದಳು. ಪದ್ದಿ ನನ್ನ ಕಾಲನ್ನಲ್ಲ, ಮುಂದಿನ ದೀಪವನ್ನು ತಬ್ಬಿಕೊಂಡು ಅಳುತ್ತಿದ್ದಳು. "ದೀಪ ಇಲ್ಲೇ ಇರಲಿ. ನೀ ಬೇಕಾದ್ರ ಹೋಗು."

ಮುಂದೆ ನನ್ನಾಕೆಗೆ ಬಳ್ಳಾರಿಗೆ ವರ್ಗವಾಯಿತು, ಕೋಣೆ ಹೋಗಿ ಮನೆಯಾಯಿತು, ಮನೆಗೆ ಕರೆಂಟೂ ಬಂತು. ಫಟಫಟಿ ಮೂಲೆ ಸೇರಿತು. ಓಡದೆ ಬ್ಯಾಟರಿ ಸತ್ತಿತು, ಶಾಂತವಾಯಿತು ಎನ್ನಬೇಕು. ಅಷ್ಟರಲ್ಲಿ ಯಾವಾಗಲೋ ಪದ್ದಿಯ ಬಾಯಲ್ಲಿ ನನ್ನ ಹೆಸರಿನ ಮುಂದಿನ ದೀಪವೂ ಕಳಚಿಹೋಗಿ ಬರೀ ಅಪ್ಪ ಉಳಿದಿದ್ದೆ. ಇವತ್ತಿಗೂ ನಾನು ಬಚ್ಚಲಮನೆಯ ದೀಪಕ್ಕೆ ಕೈ ಮುಗಿಯುವುದನ್ನು ಕಂಡು ಮೊಮ್ಮಕ್ಕಳು ನಕ್ಕರೆ, ಪದ್ದಿ ಅವರನ್ನು ಗದರುತ್ತಾಳೆ: "ನಗಬ್ಯಾಡ್ರಿ. ನಿಮ್ಮ ತಾತ ನನಗ ಕಂಡದ್ದೇ ದೀಪದ ಬೆಳಕಿನಾಗ." ಹೊಗಳಿಕೆಯೋ ಬೈಗುಳವೋ ನಾನು ವಿಚಾರಿಸಲು ಹೋಗಿಲ್ಲ. ಕೈ ಮಾತ್ರ ಮುಗಿಯುತ್ತೇನೆ, ಹಿಡಿಕೆ ಬಿಟ್ಟು ಬೀಳುವ ಭಯ ಈಗಿಲ್ಲವಲ್ಲ.